ನಿಂಗಪ್ಪನವರು ಕೊಟ್ಟ ಸೇಬಿನ ಕಡ್ಡಿ

ನಮ್ಮ ಯಜಮಾನರು ನಿಂಗಪ್ಪನವರಿಗೆ ಹಗ್ಗ ಕಂಡರೂ ಹಾವೇ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಲಿಫ್ಟು, ಬಾಯ್ಲರು ರಿಪೇರಿ ಮಾಡಿ ನಿವೃತ್ತರಾದವರು. ಪೋಸ್ಟ್‌ಮ್ಯಾನ್ ನಕ್ಕರೆ "ಯಾಕ ನಕ್ಕ ಅಂವ?", ಪಕ್ಕದ ಮನೆಯವರು ಕೇಕ್ ಕೊಟ್ಟರೆ "ಏನು ಬೇಕಾಗೇತಿ ಇವರಿಗೆ?" ನಾನು ಮಹಾದೇವಿ, ಇವರ ಜೊತೆ ನಲವತ್ತು ವರ್ಷ ಏಗಿದವಳು. ಒಂದು ಮಾತೂ ಹೆಚ್ಚಿಗೆ ಹೇಳುತ್ತಿಲ್ಲ.

ಸೇಬಿನ ಮರ ಮನೆಯ ಜೊತೆಗೇ ಬಂದದ್ದು. ಮನೆ ಮಾರಿದ ಮುದುಕಿ ಡೊರೋಥಿ ಬೀಗದ ಕೈ ಕೊಡುವಾಗ ಹೇಳಿದ್ದಳು: ಇದು ಅವಳ ಮುತ್ತಜ್ಜನ ಕಾಲದ ತಳಿ, ಬೇರೆಲ್ಲೂ ಉಳಿದಿಲ್ಲ. ಬೀಜ ಬಿತ್ತಿದರೆ ಅದೇ ಹಣ್ಣು ಬರುವುದಿಲ್ಲ, ಚಳಿಗಾಲದಲ್ಲಿ ಕಡ್ಡಿ ಕತ್ತರಿಸಿ ಇನ್ನೊಂದು ಗಿಡಕ್ಕೆ ಕಸಿ ಕಟ್ಟಬೇಕು. ಕೇಳಿದವರಿಗೆಲ್ಲ ಕೊಡಿ, ಸಂತತಿ ಉಳಿಯಲಿ. ಸಣ್ಣ ಕೆಂಪು ಹಣ್ಣು, ಅಬ್ಬಾ, ಅಂಥ ಪರಿಮಳ ನಾನು ಬೇರೆಲ್ಲೂ ಕಂಡಿಲ್ಲ.

ಇವರು ಕೊಟ್ಟರೆ ತಾನೇ! ಇಲ್ಲಿನ ಕನ್ನಡಿಗರ ದೀಪಾವಳಿ ಕೂಟಕ್ಕೆ ನಾನು ಒಯ್ದ ಹಣ್ಣು ತಿಂದು ಪಕ್ಕದೂರು ಲಫ್‌ಬರೋದ ಹರಿಪ್ರಸಾದ ಕೇಳಿದ. "ಅಂಕಲ್, ನಮಗೊಂದು ಕಡ್ಡಿ ಕೊಡ್ತೀರಾ? ಅಮ್ಮನಿಗೆ ತುಂಬಾ ಇಷ್ಟ ಆಯ್ತು."

ಮುಖ ಮುರಿದು ಇಲ್ಲ ಎನ್ನಲು ಇವರಿಗೆ ದಾಕ್ಷಿಣ್ಯ. "ಅದಕ್ಕೇನಂತ, ಜನವರಿಯಾಗ ಬಾರಪಾ" ಎಂದರು. ಕಾರಿನಲ್ಲಿ ಕೂತ ಕೂಡಲೇ ಶುರು: "ನಮ್ಮ ಗಿಡಾನ ಯಾಕ ಬೇಕು ಅವಂಗ? ಸಸಿ ಮಾಡಿ ಮಾರತಾನ ನೋಡು."

ಅವನು ಬರುವ ಮುಂಚೆಯೇ ಇವರು ಬೇಲಿ ದಾಟಿ ಬಾಗಿದ್ದ ಪಕ್ಕದ ಮನೆಯ ಬ್ರ್ಯಾಮ್ಲಿ ಮರದಿಂದ ನಾಲ್ಕು ಕಡ್ಡಿ ಕತ್ತರಿಸಿಟ್ಟರು. ಬ್ರ್ಯಾಮ್ಲಿ ಎಂದರೆ ಈ ಸೀಮೆಯ ಎಲ್ಲ ಹಿತ್ತಲಲ್ಲೂ ಸಿಗುವ, ಬೇಯಿಸಿ ತಿನ್ನುವ ಹುಳಿ ಸೇಬು. ನಾನು ಅಡುಗೆಮನೆ ಕಿಟಕಿಯಿಂದ ಎಲ್ಲ ನೋಡಿದೆ. ಬಾಯಿ ಬಿಡಲಿಲ್ಲ. ಹರಿಪ್ರಸಾದ ಕಾಲಿಗೆ ನಮಸ್ಕಾರ ಮಾಡಿ ಕಡ್ಡಿ ತೆಗೆದುಕೊಂಡು ಹೋದ. ಆಮೇಲೆ ಕೇಳಿದ ಇನ್ನಿಬ್ಬರಿಗೂ ಅದೇ ಕಡ್ಡಿ.

ಐದು ವರ್ಷ ಕಳೆಯಿತು. ಹೋದ ಬೇಸಿಗೆಯಲ್ಲಿ ನಮ್ಮ ಮರದ ಎಲೆಯೆಲ್ಲ ಉದುರಿತು. ಪಕ್ಕದವರೇ ಏನೋ ಸುರಿದಿದ್ದಾರೆ ಎಂದರು ಇವರು. ಬುಡದ ತೊಗಟೆ ಎಬ್ಬಿಸಿ ನೋಡಿದರೆ ಬಿಳಿ ಬೂಷ್ಟು. ಬೇರಿಗೇ ಅಣಬೆ ರೋಗ. ಜನವರಿಯ ಹೊತ್ತಿಗೆ ಕಸಿ ಕಟ್ಟಲು ಒಂದು ಹಸಿ ಕಡ್ಡಿಯೂ ಉಳಿಯಲಿಲ್ಲ. ಇವರು ದಿನಾ ಹೋಗಿ ಒಣಗಿದ ಕೊಂಬೆಗಳನ್ನು ಒಳಗೆ ಹಸಿರು ಇದೆಯೇ ಎಂದು ಉಗುರಿನಿಂದ ಗೀರಿ ನೋಡುತ್ತಿದ್ದರು.

ಸುದ್ದಿ ಕೇಳಿ ಹರಿಪ್ರಸಾದ ಫೋನ್ ಮಾಡಿದ. "ಚಿಂತೆ ಯಾಕೆ ಅಂಕಲ್? ನಮ್ಮ ಹತ್ತಿರ ಇದೆಯಲ್ಲ, ಬನ್ನಿ!"

"ಅವಂಗ ಗೊತ್ತಾಗೇತಿ. ಕರೆದು ಮಾನ ತೆಗೀತಾನ. ಹೋಗಲಿಲ್ಲಂದ್ರ ಊರಿಗೆಲ್ಲ ಸಾರತಾನ" ಎಂದು ದಾರಿಯುದ್ದಕ್ಕೂ ಇವರ ಗೊಣಗಾಟ.

ಅವರ ಹಿತ್ತಲಲ್ಲಿ ಮರ ದಷ್ಟಪುಷ್ಟವಾಗಿ ನಿಂತಿತ್ತು. ಹರಿಪ್ರಸಾದನ ತಾಯಿ ಶಾರದಮ್ಮ ಚಹಾ ಕೊಡುತ್ತಾ ಸಂಕೋಚದಿಂದ ಹೇಳಿದರು: "ಹಣ್ಣು ಮಾತ್ರ ದಪ್ಪ ಆಗ್ತಿದೆ, ನಿಮ್ಮದರಷ್ಟು ಕೆಂಪೂ ಇಲ್ಲ, ಸಿಹಿನೂ ಇಲ್ಲ ಕಣ್ರೀ. ನಮ್ಮ ಮಣ್ಣಿಂದೇ ದೋಷ ಇರಬೇಕು ಅಂತ ವರ್ಷಾ ವರ್ಷಾ ಗೊಬ್ಬರ ಹಾಕ್ತಿದ್ದೀನಿ."

ಹರಿಪ್ರಸಾದ ಕತ್ತರಿ ತಂದ. "ಎಷ್ಟು ಕಡ್ಡಿ ಬೇಕು ಅಂಕಲ್?"

ಇವರು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟರು. "ಬ್ಯಾಡಪಾ. ಇದು ನಮ್ಮ ಗಿಡದ್ದಲ್ಲ. ನಿನ್ನ ಮ್ಯಾಲೆ ಸಂಶಯ ಬಂದು ನಾನಽ ಬ್ಯಾರೆ ಕಡ್ಡಿ ಕೊಟ್ಟಿದ್ದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನೋಡಿಯೂ ಸುಮ್ಮನಿದ್ದವಳು ನಾನೇ ಅಲ್ಲವೇ? ಹರಿಪ್ರಸಾದ ತಲೆ ತಗ್ಗಿಸಿ ಕತ್ತರಿ ಮಡಚಿದ. ಶಾರದಮ್ಮ ದನಿ ಏರಿಸಲಿಲ್ಲ.

"ಕೊಡಲ್ಲ ಅಂದಿದ್ರೆ ಸಾಕಿತ್ತಲ್ಲ ನಿಂಗಪ್ಪನವರೇ. ನಾವೇನು ಕಿತ್ಕೊಂಡು ಹೋಗ್ತಿದ್ವಾ?"