ಪಣಜಿಯ ಒಂದು ಬಳ್ಳಿ

ಮೊನ್ನೆ ಶಿರಗುಪ್ಪಿ ರಸ್ತೆಯಲ್ಲಿ ನಡೆದು ಬರುತ್ತಿದ್ದೆ. ಎರಡೂ ಬದಿಯಿಂದ ಹಸಿ ದ್ರಾಕ್ಷಿಕಡ್ಡಿಯ ವಾಸನೆ ಬಂತು. ತೋಟಗಳಲ್ಲಿ ಚಾಟಣಿ ನಡೆದಿತ್ತು. ಚಾಟಣಿ ಎಂದರೆ ಬಳ್ಳಿ ಸವರುವ ಕೆಲಸ. ಮಳೆ ಮುಗಿದ ಮೇಲೆ ಪ್ರತಿ ಕಡ್ಡಿಗೂ ನಾಲ್ಕಾರು ಚಿಗುರುವ ಕಣ್ಣು ಉಳಿಸಿ ಮಿಕ್ಕಿದ್ದನ್ನೆಲ್ಲ ಕತ್ತರಿಸಿ ಚೆಲ್ಲುತ್ತೇವೆ. ಕಂಡರಿಯದವರಿಗೆ ಅದು ಕೊಲೆ, ನಮಗೆ ಹಬ್ಬ. ಆ ವಾಸನೆ ಬಂದರೆ ನಮ್ಮೂರಿನವರಿಗೆ ಬರುವ ಹಂಗಾಮು ನೆನಪಾಗುತ್ತದೆ, ನನಗೆ ಪಣಜಿ ನೆನಪಾಗುತ್ತದೆ. ಗೋವಾಕ್ಕೂ ನಮ್ಮೂರು ಕಾಗವಾಡದ ಚಾಟಣಿಗೂ ಏನು ಸಂಬಂಧ ಎಂದು ನೀವು ಕೇಳುವುದು ಸರಿಯೇ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಅಪ್ಪಾಸಾಬ ಕಾಕಾ ಎರಡೆಕರೆ ದ್ರಾಕ್ಷಿಯನ್ನು ಮದುವೆಯಾದ ಮನುಷ್ಯ. ಹಾಗೆ ಹೇಳುತ್ತಿದ್ದವಳು ಅವನನ್ನು ಮದುವೆಯಾಗಿದ್ದ ಅಕ್ಕಾತಾಯಿ ಕಾಕು. ಇಪ್ಪತ್ತು ವರ್ಷದಲ್ಲಿ ಇಬ್ಬರೂ ಜೋಡಿಯಾಗಿ ಹೋದದ್ದು ಸಾಂಗಲಿಯ ಔಷಧದ ಅಂಗಡಿಗೆ, ಅದೂ ಬಳ್ಳಿಗೆ ಹೊಡೆಯುವ ಔಷಧ ತರಲು. ಅದು ಬಿಟ್ಟರೆ ಒಮ್ಮೆ ನಿಪ್ಪಾಣಿಗೆ ಮದುವೆಗೆ ಹೋಗಿದ್ದರು. ಮೂಡಣದಲ್ಲಿ, ತೋಟದ ದಿಕ್ಕಿಗೆ, ಮೋಡ ಕಂಡದ್ದೇ ತಡ, ಕಾಕಾ ಬುಂದಿ ಬಡಿಸಿದ ಎಲೆ ಬಿಟ್ಟು ಎದ್ದ. ಕಾಕು ಅದನ್ನು ಬಹಳ ವರ್ಷ ಮರೆಯಲಿಲ್ಲ.

ಅವಳಿಗೆ ಸಮುದ್ರ ನೋಡುವ ಆಸೆಯಿತ್ತು. ಬರೀ ಸಮುದ್ರವಲ್ಲ, ಗಂಡನ ಪಕ್ಕ ಕೂತು, ಅವನು ತೋಟದ ಚಿಂತೆ ಬಿಟ್ಟಿರುವಾಗ ನೋಡಬೇಕಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದು ನನಗೊಬ್ಬನಿಗೆ. ನಾನು ಆಗ ಊರ ಶಾಲೆಯಲ್ಲಿ ಹೊಸ ಮಾಸ್ತರ. ಪಣಜಿಯನ್ನು ಕಣ್ಣಿಂದ ಕಂಡಿರಲಿಲ್ಲ, ಆದರೆ ಅದರ ನಕಾಶೆ ಕೊಂಡಿದ್ದೆ, ಆದಕಾರಣ ಎಲ್ಲ ಬಲ್ಲೆನೆಂಬ ಗರ್ವವಿತ್ತು. ಚಾಟಣಿ ಮುಗಿದು ಕಣ್ಣು ಒಡೆಯುವವರೆಗೆ ತೋಟದಲ್ಲಿ ಒಂದು ವಾರ ಅಂಥ ಕೆಲಸವಿರುವುದಿಲ್ಲ. ಆ ಸಂದಿಯಲ್ಲಿ ಮೂರು ದಿನ ಪಣಜಿಗೆ ಹೋಗಲು ಕಾಕಾನನ್ನು ಒಪ್ಪಿಸಿದೆ.

ಶೇಡಬಾಳದಲ್ಲಿ ರೈಲುಗಾಡಿ ಹತ್ತಿದೆವು. ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರಿನ ಗಡಿಗೆ, ಎಲ್ಲ ಇತ್ತು. ಮೊದಲ ದಿನ ಊರ ನಡುವಿನ ಉದ್ಯಾನಕ್ಕೆ ಕರೆದೊಯ್ದೆ. ಕಾಕಾ ಹೂವು ನೋಡಲಿಲ್ಲ, ಪಾತಿಗೆ ನೀರು ಹೆಚ್ಚಾಗಿದೆ ಎಂದ. ಸಂಜೆ ಕಡಲ ದಂಡೆಗೆ ಹೋದೆವು. ಕಾಕು ಉಸುಕಿನಲ್ಲಿ ಸೀರೆ ಸರಿಮಾಡಿಕೊಂಡು ಕೂತಳು. ಕಾಕಾ ನಿಂತೇ ಇದ್ದ, ನೀರು ಬಿಟ್ಟು ಆಕಾಶ ನೋಡಿದ, ಸ್ವಲ್ಪ ಹೊತ್ತಿಗೆ "ನೋಡಿದ್ವಲ್ಲ, ಇನ್ನ ನಾಳಿನ ಗಾಡಿಗೆ ಹೋಗೂನು" ಎಂದ. ಕಾಕು ಉಸುಕು ಝಾಡಿಸಿಕೊಂಡು ಎದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಗಾಡಿಗೆ ಹೊತ್ತಿತ್ತು. ಹಳೆಯ ಪೋರ್ತುಗೀಜರ ಓಣಿಗಳನ್ನಾದರೂ ತೋರಿಸೋಣವೆಂದು ನಕಾಶೆ ಹಿಡಿದು ನಡೆದೆ, ಮೂರು ತಿರುವಿಗೇ ದಾರಿ ತಪ್ಪಿಸಿದೆ. ಹಳದಿ ಗೋಡೆ, ನೀಲಿ ಗೋಡೆ, ಕಂಬಳಿ ಹಾಸಿದಷ್ಟೇ ಅಗಲದ ಬಾಲ್ಕನಿಗಳು. ಇವರನ್ನು ಒಂದು ಗೋಡೆಯ ನೆರಳಿಗೆ ನಿಲ್ಲಿಸಿ ದಾರಿ ಕೇಳಲು ಹೋದೆ. ತಿರುಗಿ ಬರುವಷ್ಟರಲ್ಲಿ ಅನಾಹುತ ಆಗಿತ್ತು. ಆ ಗೋಡೆಯ ಮೇಲಿಂದ ಒಂದು ದ್ರಾಕ್ಷಿಬಳ್ಳಿ ಓಣಿಗೆ ಇಳಿದಿತ್ತು, ಎಷ್ಟೋ ವರ್ಷದಿಂದ ಯಾರೂ ಮುಟ್ಟದ ಬಳ್ಳಿ. ಕಾಕಾ ಸೊಂಟಕ್ಕೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಕತ್ತರಿ ತೆಗೆದು, ಗೋಡೆ ಏರಿ, ಅದನ್ನು ಪೂರ್ತಿ ಸವರಿಬಿಟ್ಟಿದ್ದ. ಬಳ್ಳಿ ಬೋಳಾಗಿ ನಿಂತಿತ್ತು, ಕತ್ತರಿಸಿದ ತುದಿಗಳಿಂದ ನೀರು ಹನಿಯುತ್ತಿತ್ತು. ಕೆಳಗೆ ಮನೆಯೊಡತಿ, ಗೌನು ತೊಟ್ಟ ಮುದುಕಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದಳು. ಅದು ತೀರಿಹೋದ ಅವಳ ಅಣ್ಣ ನೆಟ್ಟ ಬಳ್ಳಿಯಂತೆ.

ಅವಳು ಕೊಂಕಣಿಯಲ್ಲಿ ಬೈದಳು, ಕಾಕಾ ಮರಾಠಿಯಲ್ಲಿ ಕೈಮುಗಿದ. ಬಳ್ಳಿ ಅಳುತ್ತಿಲ್ಲ, ಹಾಗೆ ಹನಿದರೇ ಬಳ್ಳಿ ಜೀವಂತವಿದೆ ಎಂದರ್ಥ ಎಂದು ಹೇಳಿ ನೋಡಿದ. ಮುದುಕಿ ನಂಬಲಿಲ್ಲ. ಕೊನೆಗೆ ಕಾಕು ಮುಂದೆ ಬಂದು, ಇವರಿಗೆ ಮನುಷ್ಯರ ಜೊತೆ ಇರಲು ಬರುವುದಿಲ್ಲ, ಆದರೆ ಬಳ್ಳಿಯ ವಿಷಯದಲ್ಲಿ ಇವರು ತಪ್ಪಿದ್ದನ್ನು ನಾನು ಕಂಡಿಲ್ಲ ಎಂದಳು. ಹೊಗಳಿಕೆಯೋ ಬೈಗುಳವೋ, ಮುದುಕಿಗೆ ನಗು ಬಂತು. ಕಾಯಿ ಹಿಡಿದಾಗ ಬಂದು ನೋಡುತ್ತೇನೆಂದು ಕಾಕಾ ಮಾತು ಕೊಟ್ಟ. ಅಂದಿನ ಗಾಡಿ ತಪ್ಪಿತು. ಮುದುಕಿಯೇ ನಮ್ಮನ್ನು ನದಿಯಾಚೆಯ ದ್ವೀಪಕ್ಕೆ ಹೋಗುವ ದೋಣಿಗೆ ಹತ್ತಿಸಿದಳು.

ಎರಡು ವಾರಕ್ಕೆ ಮುದುಕಿಯ ಕಾರ್ಡು ಬಂತು: ಬಳ್ಳಿ ಚಿಗುರಿದೆ. ಬೇಸಿಗೆಯ ಮುಂಚೆ ಹೋದಾಗ ಹತ್ತು ಗೊನೆ ಇದ್ದವು, ಹುಣಸೆಹಣ್ಣಿಗೆ ಸಮ ಹುಳಿ. ಕಾಕಾ ಒಂದೊಂದನ್ನೂ ಬಾಯಿಗೆ ಹಾಕಿಕೊಂಡು ತಲೆದೂಗಿದ. ಅಲ್ಲಿಂದ ವರ್ಷವರ್ಷವೂ ಪಣಜಿ. ಮನೆಯಲ್ಲಿ ಎರಡೆಕರೆ ಬಿಟ್ಟು ಗೋವಾದಲ್ಲಿ ಒಂದು ಬಳ್ಳಿ ನೋಡಲು ಹೋಗುವವನೆಂದು ಊರು ನಕ್ಕಿತು. ಅರ್ಧ ದಿನ ಬಳ್ಳಿ, ಉಳಿದ ಎರಡೂವರೆ ದಿನ ಹಳೇ ಗೋವಾದ ಚರ್ಚುಗಳು, ನದಿಯಾಚೆಯ ಕೋಟೆ, ಉದ್ಯಾನದ ಬೆಂಚು. ಕಾಕುವಿಗೆ ಓಣಿಗಳೆಲ್ಲ ಬಾಯಿಪಾಠವಾದವು. ನನ್ನ ನಕಾಶೆಯನ್ನು ಅವಳು ರೊಟ್ಟಿ ಸುತ್ತಲು ಬಳಸಿದಳು.

ತೊಂಬತ್ತರ ದಶಕದ ನಡುವೆ ಒಂದು ವರ್ಷ ಮುದುಕಿ, ತನ್ನ ತಂಗಿಯ ಮಗ ಚಾಟಣಿ ಕಲಿತಿದ್ದಾನೆ, ನೀವು ಇನ್ನು ಇಷ್ಟು ದೂರ ದಣಿಯಬೇಡಿ ಎಂದಳು. ಒಳ್ಳೆಯ ಮಾತೇ. ಆದರೆ ಅಂದು ದ್ವೀಪದಿಂದ ಮರಳುವ ದೋಣಿಯಲ್ಲಿ ಕಾಕಾ ಮಂಕಾಗಿದ್ದ. ನಡುನದಿಯಲ್ಲಿ ಕೇಳಿದ:

"ಹಂಗಾರ ಮುಂದಿನ ವರ್ಷ ಏನ್ ನೆವ ಹೇಳೂದು?"

ಕಾಕು ನೀರನ್ನೇ ನೋಡುತ್ತ ಅಂದಳು: "ನೆವ ಯಾಕ ಬೇಕ್ರಿ? ಹೆಣ್ತಿನ್ನ ಕರಕೊಂಡ ಹೊಂಟೀನಿ ಅನ್ರಿ."

ಕಾಕಾ ಅವಳ ಪಕ್ಕಕ್ಕೆ ಸರಿದು ಕೂತ. ಸೂರ್ಯ ಮುಳುಗುವ ಕಡೆ ಇಬ್ಬರೂ ನೋಡುತ್ತಿದ್ದರು. ನನಗೆ ಆಗ ಆದ ಸಂತೋಷವನ್ನು ಇವತ್ತಿಗೂ ಬಣ್ಣಿಸಲಾರೆ. ಮರುವರ್ಷವೂ ಅವರು ಹೋದರು, ನನ್ನನ್ನು ಮಾತ್ರ ಕರೆಯಲಿಲ್ಲ.

ಮೊನ್ನೆ ಮನೆಗೆ ಬಂದಾಗ ಇದೆಲ್ಲ ತಲೆಯಲ್ಲಿತ್ತು. ನಮ್ಮ ಮದುವೆಯಾಗಿ ಮೂವತ್ತು ವರ್ಷವಾಯಿತು. ಹೆಂಡತಿ ಸುಮನ್‌ಳನ್ನು ನಾನು ಮದುವೆಗಳಿಗೆ, ದವಾಖಾನೆಗೆ, ಬ್ಯಾಂಕಿನ ಸಹಿಗೆ ಕರೆದೊಯ್ದಿದ್ದೇನೆ. ಕಾಕಾನನ್ನು ನೋಡಿ ನಕ್ಕವನು ನಾನೇ. ಅವಳು ಅಕ್ಕಿ ಆರಿಸುತ್ತಿದ್ದಳು. ನಾಡಿದ್ದು ಪಣಜಿಗೆ ಹೋಗೋಣವೆಂದೆ.

"ಅಲ್ಲೇನ್ ಕೆಲಸ ಐತಿ?" ಎಂದಳು.

"ಏನೂ ಇಲ್ಲ" ಎಂದೆ.

ಅವಳು ಮೊರ ಕೆಳಗಿಟ್ಟು ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು, ಅಟ್ಟದ ಮೇಲಿನ ಬ್ಯಾಗು ಇಳಿಸಿಕೊಡು ಎಂದಳು.