ಎತ್ತರದ ಹುಡುಗಿಯರನ್ನು ಹುಡುಕುವ ಹುಲಗೇಶ

ಹುಲಗೇಶ ಯಾರ ಮನೆಗೆ ಹೋದರೂ ಮೊದಲು ನೋಡುವುದು ಹುಡುಗಿಯ ಅವ್ವನನ್ನು. ತಪ್ಪು ತಿಳಿಯಬೇಡಿ, ಮನುಷ್ಯ ಬಂಗಾರದಂಥವನು. ಹತ್ತನೇ ಇಯತ್ತೆ ಮುಗಿಸಿದ ಹುಡುಗಿ ಇನ್ನೆಷ್ಟು ಬೆಳೆದಾಳು ಅನ್ನುವುದು ಅವಳನ್ನು ನೋಡಿದರೆ ತಿಳಿಯುವುದಿಲ್ಲ, ಹೆತ್ತವಳನ್ನು ನೋಡಿದರೆ ತಿಳಿಯುತ್ತದೆ ಎಂಬುದು ಅವನ ಲೆಕ್ಕ. ಅವ್ವನಾದವಳು ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಬಂದಳೋ, ಇವನ ಮುಖ ಅರಳಿತು. ಆಮೇಲೆ ಹುಡುಗಿಯ ಅಂಗೈ ಎಷ್ಟಗಲ, ಪಾದ ಎಷ್ಟುದ್ದ. ಚೆಂಡು ಹಿಡಿಯುವುದನ್ನು ತಾನು ಕಲಿಸಬಲ್ಲೆ, ಎತ್ತರವನ್ನು ಯಾವ ಮಾಸ್ತರನೂ ಕಲಿಸಲಾರ ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಾನೆ.

ಹಾನಗಲ್ಲಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಅವನು ಆಟದ ಮಾಸ್ತರ. ಹೆಸರಿಗೆ ದೊಡ್ಡ ಹುದ್ದೆ, ನೌಕರಿ ಮಾತ್ರ ಹಂಗಾಮಿ. ಆ ಕಾಲೇಜಿಗೆ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೊಂದಿದೆ. ಸುತ್ತಮುತ್ತ ಯಾರಿಗೂ ಇಲ್ಲದ ತಂಡ ತಮಗಿದೆ ಎಂದು ಚೇರಮನ್ ಬಸವಣ್ಣೆಪ್ಪನವರಿಗೆ ಹೆಮ್ಮೆ. ಆದರೆ ಆಡುವವರು ಎಲ್ಲಿಂದ ಬರಬೇಕು? ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳ ಹೈಸ್ಕೂಲುಗಳಲ್ಲಿ ಖೋ ಖೋ ಇದೆ, ಕಬಡ್ಡಿ ಇದೆ, ಥ್ರೋಬಾಲ್ ಇದೆ. ಬಾಸ್ಕೆಟ್‌ಬಾಲ್ ಅನ್ನುವುದನ್ನು ಹುಡುಗಿಯರು ಟಿವಿಯಲ್ಲಿ ನೋಡಿದ್ದರೆ ಅದೇ ಪುಣ್ಯ. ಅದಕ್ಕೇ ಹುಲಗೇಶ ವರ್ಷವೆಲ್ಲ ಥ್ರೋಬಾಲ್ ಪಂದ್ಯಗಳ ಅಂಚಿನಲ್ಲಿ ನಿಂತು ಯಾರ ಕೈ ನೆಟ್ಟಿನ ಮೇಲೆ ಕಾಣುತ್ತದೆ ಎಂದು ನೋಡಿಟ್ಟುಕೊಳ್ಳುತ್ತಾನೆ. ಬೇಸಿಗೆಯಲ್ಲಿ ಫಲಿತಾಂಶ ಬಂದ ಮೇಲೆ ಬೈಕಿನ ಹಿಂದೆ ಚೆಂಡಿನ ಚೀಲ ಕಟ್ಟಿಕೊಂಡು ಅವರವರ ಮನೆಗೆ ಹೊರಡುತ್ತಾನೆ.

ಹೊಟ್ಟೆಪಾಡಿಗಷ್ಟೇ ಮಾಡುವ ಕೆಲಸ ಇದಲ್ಲ ಅವನಿಗೆ. ಶಿಗ್ಗಾಂವಿ ಹತ್ತಿರದ ಹಳ್ಳಿಯವನು, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರ ಮಗ. ಯಾರೋ ಒಬ್ಬ ಮಾಸ್ತರು ಅವನ ಕಾಲುಗಳನ್ನು ನೋಡಿ ಸೈಕಲ್ಲಿಗೆ ಹತ್ತಿಸಿಕೊಂಡು ಕ್ರೀಡಾ ಹಾಸ್ಟೆಲ್ಲಿಗೆ ಸೇರಿಸದಿದ್ದರೆ ಇವತ್ತಿಗೂ ಮಣ್ಣು ತುಳಿಯುತ್ತಿದ್ದ. ತನ್ನನ್ನು ಎಳೆದು ಮೇಲೆ ಹತ್ತಿಸಿದ ಹಾಗೆ ತಾನೂ ನಾಲ್ಕು ಮಕ್ಕಳನ್ನು ಹತ್ತಿಸಬೇಕು ಎಂಬ ಹುಚ್ಚು ಅವನಿಗೆ. ಹುಚ್ಚೇ ಅನ್ನಿ, ಆದರೆ ಒಳ್ಳೆಯ ಹುಚ್ಚು.

ಅವನು ಹತ್ತಿಸಬಹುದು, ಬಾಗಿಲು ತೆರೆಯುವವರು ಬೇರೆ. ಆಟಗಾರ್ತಿಯರಿಗೆ ಹಾಸ್ಟೆಲ್ಲು, ಊಟ, ಫೀ ಎಲ್ಲ ಪುಕ್ಕಟೆ ಎಂದು ಕಾಲೇಜು ಹೇಳುತ್ತದೆ, ಆದರೆ ಯಾರಿಗೆ ಎಂಬುದನ್ನು ಬಸವಣ್ಣೆಪ್ಪನವರೇ ಹೇಳಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಿಂದೊಮ್ಮೆ ಹತ್ತಿಮತ್ತೂರಿನ ಹುಡುಗಿಯೊಬ್ಬಳಿಗೆ ಹುಲಗೇಶ ಖುಷಿಯಲ್ಲಿ "ಆತು, ಬಂದುಬಿಡ್ರಿ" ಎಂದುಬಿಟ್ಟಿದ್ದ. ಆ ವರ್ಷ ಚೇರಮನ್ನರು ಜಾಗ ಮುಗಿದಿದೆ ಅಂದರು. ಹುಡುಗಿಯ ಅಪ್ಪ ತಲೆಯ ಮೇಲೆ ಟ್ರಂಕು ಹೊತ್ತುಕೊಂಡು ಮಗಳೊಂದಿಗೆ ಬಂದ, ಕಾಲೇಜಿನ ಬೇವಿನ ಗಿಡದ ಕೆಳಗೆ ಸಂಜೆಯವರೆಗೆ ಕುಳಿತ, ಟ್ರಂಕು ಹೊತ್ತುಕೊಂಡು ಹೋದ. ಬೈಯಲಿಲ್ಲ ಕೂಡ. ಹುಲಗೇಶನಿಗೆ ಅನ್ನ ಸೇರಲಿಲ್ಲ. ಆವತ್ತಿನಿಂದ ಅವನು ಒಂದು ಪಣ ತೊಟ್ಟ. ಚೇರಮನ್ನರ ಬಾಯಿಂದ ಹೂಂ ಬರುವ ತನಕ ಯಾರ ಮನೆಯಲ್ಲೂ ಹೂಂ ಅನ್ನಬಾರದು. ಬಡವರ ಮಕ್ಕಳಿಗೆ ಸುಳ್ಳು ಆಸೆ ಹಚ್ಚುವುದಕ್ಕಿಂತ ದೊಡ್ಡ ಪಾಪ ಇಲ್ಲ ಎಂದು ಅವನು ನಂಬಿದ್ದ. ಮಾತು ಸರಿಯೇ ಇತ್ತು, ಸುಡಲಿ.

ಈ ಸಲ ಅವನ ಕಣ್ಣಿಗೆ ಬಿದ್ದವಳು ವಿದ್ಯಾಶ್ರೀ. ಹಂಸಭಾವಿಯಿಂದ ಸ್ವಲ್ಪ ಒಳಗಿರುವ ಹಳ್ಳಿಯವಳು. ಅಪ್ಪ ಉಡಚಪ್ಪ ಗೌಂಡಿ ಕೆಲಸ ಮಾಡುತ್ತಾನೆ, ಅವ್ವ ಅಡಿವೆವ್ವ ಬಿತ್ತನೆ ಬೀಜ ಬೆಳೆಯುವ ಪ್ಲಾಟುಗಳಿಗೆ ಕೂಲಿಗೆ ಹೋಗುತ್ತಾಳೆ. ಥ್ರೋಬಾಲ್ ಪಂದ್ಯದಲ್ಲಿ ಹುಲಗೇಶ ಈ ಹುಡುಗಿಯನ್ನು ನೋಡಿದಾಗ ಅವಳು ಜಿಗಿಯದೆಯೇ ನೆಟ್ಟಿನ ಮೇಲಿಂದ ಚೆಂಡು ಇಳಿಸುತ್ತಿದ್ದಳು. ಓಣಿಯಲ್ಲಿ ಅವಳ ಎತ್ತರ ನಗೆಯ ವಸ್ತುವಾಗಿತ್ತು. ಹುಣಸೆ ಜಾಡಿಸಲು ಕೋಲು ಯಾಕೆ, ಅಡಿವೆವ್ವನ ಮಗಳನ್ನು ಕರೆಯಿರಿ ಅನ್ನುವರು. ಇವಳಿಗೆ ಗಂಡು ಹುಡುಕಲು ಏಣಿ ಹಾಕಬೇಕು ಅನ್ನುವರು. ಹುಡುಗಿ ಬೆನ್ನು ಬಾಗಿಸಿಕೊಂಡು ನಡೆಯುವುದನ್ನು ರೂಢಿ ಮಾಡಿಕೊಂಡಿದ್ದಳು.

ಹುಲಗೇಶ ಮೊದಲೇ ಫೋನು ಮಾಡಿ, ಕಾಲೇಜಿನ ತಂಡಕ್ಕೆ ಹುಡುಗಿಯನ್ನು ನೋಡಲು ಭಾನುವಾರ ಬರುತ್ತೇನೆ ಎಂದು ತಿಳಿಸಿದ್ದ. ಅಷ್ಟು ಹೇಳಿದ್ದೇ ಸಾಕಾಯಿತು. ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ಮಂಡಕ್ಕಿ, ಮಿರ್ಚಿ, ಚಹಾ ತಯಾರಿದ್ದವು. ಕಾಕಾ, ದೊಡ್ಡಪ್ಪ ಎಂದು ಮೂರು ನಾಲ್ಕು ಗಂಡಸರು ಜಮಖಾನೆಯ ಮೇಲೆ ಕುಳಿತಿದ್ದರು. ಕಿಟಕಿಯಲ್ಲಿ ಓಣಿಯ ಹೆಂಗಸರ ಮುಖಗಳು. ವಿದ್ಯಾಶ್ರೀ ಅವ್ವನ ಸೀರೆ ಉಟ್ಟು, ಮಲ್ಲಿಗೆ ಮುಡಿದು, ತಟ್ಟೆ ಹಿಡಿದು ಬಂದಳು. ಹುಲಗೇಶನಿಗೆ ನಗು ಬಂತು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಅಡಿವೆವ್ವನನ್ನು ನೋಡಿ ಎದೆಯೂ ತುಂಬಿತು.

ಅವನು ಹುಡುಗಿಯ ಕೈಗೆ ಚೆಂಡು ಕೊಟ್ಟ. ಅವಳು ಅದನ್ನು ಒಂದೇ ಅಂಗೈಯಲ್ಲಿ ಮೇಲಿನಿಂದ ಹಿಡಿದು ಎತ್ತಿದಳು. ಮೇಲಿನ ಜಂತಿ ಮುಟ್ಟಲು ಆದೀತೇ ಎಂದು ಕೇಳಿದ. ಅವಳು ಅಪ್ಪನ ಮುಖ ನೋಡಿದಳು, ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿದಳು, ಎರಡು ಹೆಜ್ಜೆ ಹಿಂದೆ ಸರಿದು ಜಿಗಿದಳು. ಅಂಗೈ ಜಂತಿಗೆ ಬಡಿದ ಸಪ್ಪಳಕ್ಕೆ ಕಿಟಕಿಯ ಹೆಂಗಸರು ಬೆಚ್ಚಿದರು. ಇಳಿದು ನಿಂತವಳ ಕೈಗೆ ಮಸಿ ಹತ್ತಿತ್ತು. ಹುಡುಗಿ ನಗುತ್ತಿದ್ದಳು, ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಳು. ಇಂಥವಳು ಹತ್ತು ವರ್ಷಕ್ಕೊಬ್ಬಳು ಸಿಗುತ್ತಾಳೆ ಎಂದು ಹುಲಗೇಶನ ಜೀವ ಹಾರಾಡಿತು.

ಉಡಚಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ. "ಹಂಗಾರ ನಮ್ಮ ಹುಡುಗಿ ಆತೇನ್ರಿ, ಸರ್?"

ಹೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹತ್ತಿಮತ್ತೂರಿನ ಆ ಟ್ರಂಕು ಅವನ ಕಣ್ಣ ಮುಂದೆ ಬಂತು. ಹುಲಗೇಶ ಚೆಂಡನ್ನು ಚೀಲಕ್ಕೆ ಹಾಕುತ್ತ ಹೇಳಿದ. "ಹೋಗಿ ತಿಳಿಸ್ತೇನ್ರಿ."

ದೊಡ್ಡಪ್ಪ ಎನಿಸಿಕೊಂಡವನು ಟವೆಲ್ ಕೊಡವಿ ಎದ್ದ. ಅಡಿವೆವ್ವ ಚಹಾದ ಕಪ್ಪುಗಳನ್ನು ಒಟ್ಟು ಮಾಡಿದಳು. ವಿದ್ಯಾಶ್ರೀ ಒಳಗೆ ಹೋಗಿಬಿಟ್ಟಳು. ಹುಲಗೇಶನಿಗೆ ಇದರಲ್ಲಿ ಏನೂ ಕಾಣಲಿಲ್ಲ. ಸುಳ್ಳು ಆಸೆ ಹಚ್ಚಲಿಲ್ಲ ಎಂಬ ಸಮಾಧಾನದಲ್ಲಿ ಅವನು ಹಾನಗಲ್ಲಿನವರೆಗೂ ಶಿಳ್ಳೆ ಹಾಕುತ್ತ ಬೈಕು ಓಡಿಸಿದ.

ಬಸವಣ್ಣೆಪ್ಪನವರು ಚಾರಧಾಮ ಯಾತ್ರೆಗೆ ಹೋಗಿದ್ದರು. ಫೋನಿನಲ್ಲಿ ಹಿಡಿದು ಕೇಳಿದರೆ, ಬಂದ ಮೇಲೆ ನೋಡೋಣ, ದೇವರ ಹತ್ತಿರ ಬಂದಾಗಲೂ ಬಿಡುವುದಿಲ್ಲವಲ್ಲ ನೀನು ಅಂದರು. ಬಂದರು, ನೆಗಡಿ ಜ್ವರ ಹಿಡಿದು ಮಲಗಿದರು. ಎದ್ದರು, ಪ್ರಸಾದ ಹಂಚಲು ಬೀಗರ ಮನೆಗಳಿಗೆ ಹೊರಟರು. ಹುಲಗೇಶ ಅವರ ಅಕ್ಕಿ ಗಿರಣಿಯ ಬೆಂಚಿನ ಮೇಲೆ ಕೂತು ಕೂತು ಸವೆದ. ಮಳೆ ಶುರುವಾಯಿತು, ಕಾಲೇಜೂ ಶುರುವಾಯಿತು. ಆ ನಡುವೆ ಒಂದು ಸಂಜೆ ಉಡಚಪ್ಪನ ಮಿಸ್ಡ್ ಕಾಲ್ ಬಂದಿತ್ತು. ಹುಲಗೇಶ ಫೋನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ತಿರುಗಿ ಮಾಡಿ ಏನು ಹೇಳುವುದು? ಇನ್ನೂ ಗಟ್ಟಿಯಾಗಿಲ್ಲ ಅನ್ನುವುದೇ? ಗಟ್ಟಿಯಾದ ದಿನ ನಾನೇ ಹೋಗಿ ಬಾಯಿ ಸಿಹಿ ಮಾಡುತ್ತೇನೆ ಎಂದುಕೊಂಡು ಫೋನನ್ನು ಕಿಸೆಗೆ ಹಾಕಿದ.

ಕೊನೆಗೊಂದು ಶನಿವಾರ ಬಸವಣ್ಣೆಪ್ಪನವರು, ಅದೇನು ಅಷ್ಟು ಎತ್ತರದ ಹುಡುಗಿಯೋ, ಕರಕೊಂಡು ಬಾ ಹೋಗು ಅಂದರು. ಮರುದಿನವೇ ಹುಲಗೇಶ ಪೇಢೆ ಕಟ್ಟಿಸಿಕೊಂಡು, ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತ ಆ ಮನೆಯ ಮುಂದೆ ಬೈಕು ನಿಲ್ಲಿಸಿದ. ಈ ಸಲ ರಂಗೋಲಿ ಇರಲಿಲ್ಲ. ಅಡಿವೆವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಬರ್ರಿ ಅಂದಳು, ಆದರೆ ಏಳಲಿಲ್ಲ. ಅವನು ಪೇಢೆಯ ಪೊಟ್ಟಣ ಮುಂದಿಟ್ಟು, ಹುಡುಗಿಯ ಕೆಲಸ ಆಯಿತು, ಹಾಸ್ಟೆಲ್ಲು, ಊಟ ಎಲ್ಲ ಆಯಿತು, ನಾಳೆಯೇ ಕಳಿಸಿರಿ ಎಂದು ಒಂದೇ ಉಸಿರಿಗೆ ಹೇಳಿದ.

ಅಡಿವೆವ್ವ ಪೊಟ್ಟಣವನ್ನು ನೋಡಿದಳೇ ಹೊರತು ಮುಟ್ಟಲಿಲ್ಲ. "ಹುಡುಗಿ ಎಲ್ಲೈತ್ರಿ ಇಲ್ಲೆ? ಮಿಲ್ಲಿಗೆ ಹೋತು."

ತಮಿಳುನಾಡಿನ ಕಡೆ ಎಲ್ಲೋ ನೂಲಿನ ಗಿರಣಿಯಂತೆ. ಹುಡುಗಿಯರನ್ನು ಕೂಡಿಸಿ ಒಯ್ಯುವ ಶಿವಬಸವ್ವ ಎಂಬ ಹೆಂಗಸು ಈ ಕಡೆಯವಳೇ, ಹಾಸ್ಟೆಲ್ಲು, ಊಟ ಪುಕ್ಕಟೆ ಎಂದು ಅವಳೂ ಹೇಳಿದ್ದಳು. ಆದರೆ ಸೋಮವಾರ ಬೆಳಿಗ್ಗೆ ಗಾಡಿ ಬರುತ್ತದೆ, ಬಟ್ಟೆ ಅರಿವೆ ಕಟ್ಟಿಡಿ ಎಂದೂ ಹೇಳಿದ್ದಳು. ವಯಸ್ಸು ಸಾಲದಲ್ಲ ಎಂದು ಉಡಚಪ್ಪ ಅಂದರೆ, ಈ ಎತ್ತರ ನೋಡಿದ ಮೇಲೆ ಹದಿನೆಂಟು ಅಂದರೆ ಯಾರು ಒಲ್ಲೆ ಅಂತಾರೆ ಎಂದು ನಕ್ಕಿದ್ದಳಂತೆ. ಸೋಮವಾರ ಗಾಡಿ ಬಂತು, ಹುಡುಗಿ ಹೋದಳು. ಮೂರು ವರ್ಷ ಕೆಲಸ ಬಿಡುವ ಹಾಗಿಲ್ಲ ಎಂಬ ಕಾಗದಕ್ಕೆ ಅಪ್ಪ ಹೆಬ್ಬೆಟ್ಟು ಒತ್ತಿದ್ದ.

ಹುಲಗೇಶನಿಗೆ ಸಿಟ್ಟು ಬಂತು. ತಾನು ತಿಳಿಸುತ್ತೇನೆ ಎಂದು ಹೇಳಿ ಹೋಗಿರಲಿಲ್ಲವೇ, ಸ್ವಲ್ಪ ತಾಳಬಾರದಿತ್ತೇ ಎಂದು ಕೇಳಿದ.

ಅಡಿವೆವ್ವ ಮೊರವನ್ನು ಕೆಳಗಿಟ್ಟಳು. "ತಿಳಿಸ್ತೇವಿ ಅಂದೋರು ತಿರುಗಿ ಬಂದದ್ದು ನೀವು ಯಾವಾಗರೆ ಕಂಡೀರೇನ್ರಿ, ಸರ್? ನನ್ನ ನೋಡಾಕ ಬಂದ ಗಂಡಿನವರೆಲ್ಲ ಉಪ್ಪಿಟ್ಟು ತಿಂದು ಹಂಗ ಅಂದು ಹೋದ್ರು. ಮಾರಿ ಮ್ಯಾಲೆ ಒಲ್ಲೆ ಅನ್ನಬಾರದಂತ ಹಂಗ ಅಂತಾರ. ಅಷ್ಟು ತಿಳೀದೇನ್ರಿ ನಮಗ? ಇಡೀ ಓಣಿ ನೋಡಿತ್ತು. ಕಾಲೇಜಿನವರೂ ಒಲ್ಲೆ ಅಂದ್ರು ಈ ಉದ್ದನ್ನಾಕೀನ, ಅಂತ ನಳದ ಮುಂದ ನಕ್ಕರು. ಹುಡುಗಿ ನೀರಿಗೆ ಹೋಗೂದ ಬಿಡ್ತು. ಆದರೂ ಅವರಪ್ಪ ಕೇಳಿ ನೋಡೂಣು ಅಂತ ನಿಮಗ ಫೋನ್ ಮಾಡಿದ. ನೀವು ತಿರುಗಿ ಮಾಡಲಿಲ್ಲ."

ಹುಲಗೇಶನಿಗೇನು ಗೊತ್ತಿಲ್ಲದ ರೂಢಿಯೇ ಇದು? ಅವನ ಸ್ವಂತ ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ಇವನೇ ಜೊತೆಗಿದ್ದ. ಹೆಣ್ಣಿನ ಅಪ್ಪನಿಗೆ ಹೋಗಿ ತಿಳಿಸ್ತೇವಿ ಎಂದು ಹೇಳಿ, ಬಣ್ಣ ಕಪ್ಪೆಂದು, ಹಲ್ಲು ಉಬ್ಬೆಂದು ದಾರಿಯಲ್ಲಿ ಮಾತಾಡಿಕೊಳ್ಳುತ್ತ ಬಂದಿದ್ದರು. ಹುಡುಗಿ ಸೀರೆ ಉಟ್ಟು ತಟ್ಟೆ ಹಿಡಿದು ಬಂದಾಗ ನಕ್ಕನಲ್ಲ, ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ.

ಭಾನುವಾರಕ್ಕೊಮ್ಮೆ ಹುಡುಗಿಯ ಫೋನು ಬರುತ್ತದೆ, ಇವತ್ತೂ ಬರುತ್ತದೆ ಎಂದು ಅಡಿವೆವ್ವ ಹೇಳಿದಳು. ಅಲ್ಲಿ ವಾರ್ಡನ್ ಹತ್ತಿರ ಒಂದೇ ಫೋನಂತೆ, ಸಾಲಿನಲ್ಲಿ ನಿಂತು ಮಾತಾಡಬೇಕಂತೆ. ಹುಲಗೇಶ ಕಟ್ಟೆಯ ಮೇಲೆಯೇ ಕಾದ. ಮಳೆ ನಿಂತಿತು, ಮತ್ತೆ ಹಿಡಿಯಿತು. ಸಂಜೆಯ ಹೊತ್ತಿಗೆ ಫೋನು ಬಂತು. ಅಡಿವೆವ್ವ ಉಂಡೆಯಾ, ತಿಂದೆಯಾ ಎಂದು ಕೇಳಿ, ಕಾಲೇಜಿನ ಸರ್ ಬಂದಿದ್ದಾರೆ ಎಂದು ಹೇಳಿ ಇವನ ಕೈಗೆ ಕೊಟ್ಟಳು.

ಹಿಂದೆ ಯಂತ್ರಗಳದೋ ಹುಡುಗಿಯರದೋ ಗದ್ದಲ ಕೇಳುತ್ತಿತ್ತು. ಹುಲಗೇಶ ಸೀಟು ಸಿಕ್ಕಿದೆ ಅಂದ. ತಡವಾದದ್ದು ನನ್ನ ತಪ್ಪು ಅಂದ. ಹೆಬ್ಬೆಟ್ಟು ಒತ್ತಿದ್ದರೆ ಒತ್ತಲಿ, ವಯಸ್ಸು ಸಾಲದವಳನ್ನು ಇಟ್ಟುಕೊಂಡವರಿಗೇ ಹೆದರಿಕೆ ಇರಬೇಕು, ನಾಳೆಯೇ ಹೊರಟು ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದ. ಫೋನು ಕಟ್ಟಾಯಿತೇ ಎಂದು ಅವನು ಎರಡು ಸಲ ಹೆಸರು ಹಿಡಿದು ಕರೆದ.

"ಬ್ಯಾಡ್ರಿ ಸರ್," ಅಂದಳು ವಿದ್ಯಾಶ್ರೀ. ಸಿಟ್ಟಿರಲಿಲ್ಲ ದನಿಯಲ್ಲಿ. "ನಾ ಊರಿಗೆ ಬರಂಗಿಲ್ಲ. ಇಲ್ಲೆ ಮ್ಯಾಲಿನ ನೂಲು ನನ್ನ ಕೈಗೆ ಸಿಗತೈತಿ, ಉಳಿದವರು ಸ್ಟೂಲ್ ಹಾಕ್ಕೋತಾರ. ನಿಂತು ನಿಂತು ಕಾಲು ಭಾಳ ಬ್ಯಾನಿ ಆಕ್ಕಾವ. ಆದರ ಬಂದ ದಿನಾನ ತಗೊಂಡ್ರು ಸರ್ ಇವರು ನನ್ನ."

ಅಷ್ಟರಲ್ಲಿ ಆ ಕಡೆ ಯಾರೋ ಗದರಿದರು, ಫೋನು ಕಟ್ಟಾಯಿತು.

ಹುಲಗೇಶ ಫೋನನ್ನು ಅಂಗಿಯಿಂದ ಒರೆಸಿ ಅಡಿವೆವ್ವನ ಕೈಗೆ ಕೊಟ್ಟ. ಅವಳು ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ಇಷ್ಟು ಹೊತ್ತು ಎಲ್ಲಿ ಅಡಗಿತ್ತೋ, ಆ ಕಣ್ಣುಗಳಲ್ಲಿ ಆಸೆ ಬಂದು ಕೂತಿತ್ತು. ಬರುತ್ತಾಳಂತೇನು ಎಂದು ಮೆಲ್ಲಗೆ ಕೇಳಿದಳು.

"ಇಲ್ಲವ್ವಾ," ಅಂದ ಹುಲಗೇಶ. "ಬರಂಗಿಲ್ಲಂತ."