ಸಮುದ್ರದ ಬದಿಯ ಸೀಟು

ನನಗೆ ಆಗ ಅರವತ್ತೆರಡು. ಅದಾಗಿ ಹನ್ನೆರಡು ವರ್ಷ ಆಯ್ತು. ಮೊನ್ನೆ ಕೋಟದ ಬಸ್‌ಸ್ಟಾಪಿನಲ್ಲಿ ಪಕ್ಕದವರು ಹುರಿದ ನೆಲಗಡಲೆಯ ಪೊಟ್ಟಣ ಬಿಡಿಸಿದರು. ಆ ವಾಸನೆ ಮೂಗಿಗೆ ಹೊಡೆದದ್ದೇ, ಎದ್ದು ದೂರ ಹೋಗಿ ನಿಂತೆ. ನೆಲಗಡಲೆಗೆ ಹೆದರುವವರು ಉಂಟಾ ಅಂತ ಕೇಳಬೇಡಿ. ನನಗೆ ಅದು ಆಚೆಮನೆ ಹೆಣ್ಣಿನ ಜೊತೆ ಸಿನೆಮಾಕ್ಕೆ ಹೋದ ದಿನದ ವಾಸನೆ.

ಉಪ್ಪುಂದದಲ್ಲಿ ನಮ್ಮ ಮನೆ, ಅವಳ ಮನೆ ಒಂದೇ ಅಂಗಳಕ್ಕೆ ತಾಗಿ. ಇಬ್ಬರೂ ಮೀನು ಮಾರುವವರು. ಮಳೆಗಾಲದ ಶುರುವಿನಲ್ಲಿ ಅವಳ ಗಂಡನ ನಾಡದೋಣಿ ಮಗುಚಿತು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಹೆಣ ಸಿಗದಿದ್ದರೆ ದರ್ಭೆಯಲ್ಲಿ ಮನುಷ್ಯನ ಹಾಗೆ ಬೊಂಬೆ ಕಟ್ಟಿ ಸುಡಬೇಕು, ಆಮೇಲೆ ಉಳಿದ ಕ್ರಿಯೆ. ಇವಳು ಸುತಾರಾಂ ಒಪ್ಪಲಿಲ್ಲ.

"ಹುಲ್ಲನ್ನ ಮದ್ವಿ ಆಯ್ಕಂಡ್ ಬಂದವ್ಳಲ್ಲ ನಾನ್" ಅಂತ ಮೈದುನರ ಮುಖಕ್ಕೇ ಹೇಳಿದಳು.

ಅಳಲೂ ಇಲ್ಲ. ಮೀನಿನ ಬುಟ್ಟಿ ಮೂಲೆಗೆ ಬಿತ್ತು. ಊಟ ಬಿಟ್ಟಳು. ಸಂಜೆಯಾದರೆ ಕಡಲ ಹತ್ತಿರ ಹೋಗಿ ನಿಲ್ಲುವುದು. ಮೊದಲು ಒಣ ಮರಳಲ್ಲಿ ನಿಲ್ಲುತ್ತಿದ್ದಳು. ಆಮೇಲೆ ಪಾದ ನೆನೆಯುವಲ್ಲಿ. ಆಮೇಲೆ ಮೊಣಕಾಲಿನವರೆಗೆ... ನಾನು ಹಿಂದಿನಿಂದ ಹೋಗಿ ಸೆರಗು ಹಿಡಿದು ಎಳೆದು ತರುತ್ತಿದ್ದೆ. ಬೈದೇ ತರುತ್ತಿದ್ದೆ, ನನಗೆ ಸಮಾಧಾನ ಮಾಡಲಿಕ್ಕೆ ಬರುವುದಿಲ್ಲ.

ಮೈದುನರು ಅವಳನ್ನು ಕೇಳದೆಯೇ ಬೊಂಬೆ ಸುಡಲಿಕ್ಕೆ ದಿನ ಇಟ್ಟರು. ಅದರ ಹಿಂದಿನ ದಿನ ಅವಳು ತಲೆ ಬಾಚಿ, ಒಳ್ಳೆ ಸೀರೆ ಉಟ್ಟು ನನ್ನ ಬಾಗಿಲಿಗೆ ಬಂದಳು.

"ಹ್ವಾಯ್ ದೊಡ್ಡಮ್ಮ, ಕುಂದಾಪ್ರಕ್ಕೆ ಸಿನೆಮಾ ಕಾಂಬುಕೆ ಹೋಪ, ಬನ್ನಿ."

ಅನ್ನ ಬೇಡ ಅಂದವಳು ಸಿನೆಮಾ ಬೇಕು ಅಂದರೆ ಎಂತ ಅರ್ಥ? ಹೋಗುವವರು ಹೀಗೇ ಕಡೆಯ ಆಸೆ ಕೇಳುವುದು ಅಂತ ತಲೆಗೆ ಹೊಕ್ಕಿತು. ಬೇಡ ಅಂದರೆ ಒಬ್ಬಳೇ ಹೋಗುತ್ತಾಳೆ. ಹೊರಟೆ.

ಬಸ್ಸಿನಲ್ಲಿ ಸಮುದ್ರದ ಬದಿಯ ಕಿಟಕಿ ನಾನು ಹಿಡಿದೆ, ಅವಳನ್ನು ಈಚೆ ಕೂರಿಸಿದೆ. ಮರವಂತೆ ಬಂತು. ಅಲ್ಲಿ ಆ ಬದಿ ಕಡಲು, ಈ ಬದಿ ಹೊಳೆ, ನಡುವೆ ರಸ್ತೆ. ಬಸ್ಸಿನ ಬಾಗಿಲು ಹಾರು ಹೊಡೆದಿತ್ತು. ಅವಳ ಸೆರಗಿನ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡೆ.

"ಎಂತ ದೊಡ್ಡಮ್ಮ, ದನ ಕಟ್ದಾಂಗೆ ಹಿಡ್ಕಂಡಿರಿ?"

"ಬಾಯ್ ಮುಚ್ಕಂಡ್ ಕೂಕೋ ಹೆಣೆ."

ಯಾವ ಸಿನೆಮಾ ಅಂತ ಈಗಲೂ ಗೊತ್ತಿಲ್ಲ. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹೆಸರು ಪರದೆಯಿಂದ ಹೋಗಿಯಾಗಿತ್ತು. ಪ್ರೀತಿಗೀತಿಯ ಸಿನೆಮಾ ನನಗೆ ಆಗುವುದಿಲ್ಲ, ಮರ ಸುತ್ತಿ ಕುಣಿಯುವುದು. ಆದರೆ ಇಂಥದ್ದರಿಂದ ಇವಳ ತಲೆಗೆ ಏನೂ ತಾಗದು ಅಂತ ಸ್ವಲ್ಪ ಧೈರ್ಯ ಬಂತು. ನೋಡಿದರೆ ಅರ್ಧ ಆಗುವ ಮೊದಲೇ ಸಿನೆಮಾದ ಹೆಂಡತಿ ಕಾಯಿಲೆ ಬಿದ್ದು ಸತ್ತಳು. ನಾನು ಇವಳ ಸೆರಗು ಜಗ್ಗಿದೆ.

"ಏಳ್ ಹೆಣೆ, ಹೋಪ."

"ಕೂಕಣಿ ದೊಡ್ಡಮ್ಮ."

ಇಂಟರ್ವಲ್ಲಿನಲ್ಲಿ ಅವಳು ನೆಲಗಡಲೆ ತಂದು ಬಕಬಕ ತಿಂದಳು. ಅದನ್ನು ಕಂಡು ಇನ್ನೂ ಹೆದರಿದೆ.

ಆಮೇಲೆ ಸಿನೆಮಾದಲ್ಲಿ ಆ ಗಂಡ ದಿನಾ ಎರಡು ಲೋಟ ಚಾ ಮಾಡುತ್ತಾನೆ. ಹೇಳದೆ ಹೋದೆಯಲ್ಲ ಅಂತ ಸತ್ತವಳಿಗೆ ಬೈಯುತ್ತಾನೆ. ಬೈದು ಬೈದು ಸುಸ್ತಾಗಿ ಅವಳ ಪಾಲಿನ ಚಾವನ್ನೂ ತಾನೇ ಕುಡಿಯುತ್ತಾನೆ. ಜನ ನಕ್ಕರು. ನನ್ನ ಪಕ್ಕದಲ್ಲೂ ನಗು ಕೇಳಿತು. ಇವಳೇ! ನಗುತ್ತಾ ನಗುತ್ತಾ ಅದು ಬೇರೆ ಎಂತದೋ ಆಯ್ತು... ಬಾಯಿಗೆ ಕೈ ಒತ್ತಿ ಅಳುತ್ತಿದ್ದಳು. ಸೆರಗು ನನ್ನ ಮುಷ್ಟಿಯಲ್ಲೇ ಇತ್ತು, ಅದರಲ್ಲೇ ನಾನೂ ಮೂಗು ಒರೆಸಿಕೊಂಡೆ. ಆ ಗಂಡ ಸಾಯಲೂ ಇಲ್ಲ, ಇನ್ನೊಂದು ಮದುವೆಯೂ ಆಗಲಿಲ್ಲ. ಬೈದುಕೊಂಡೇ ಬದುಕಿದ. ಪ್ರೀತಿಯ ಸಿನೆಮಾ ಇಷ್ಟು ಚಂದ ಇರುತ್ತದೆ ಅಂತ ನಾನು ಎಣಿಸಿರಲಿಲ್ಲ.

ವಾಪಸು ಬಸ್ಸಿನಲ್ಲಿ ಅವಳೇ ಮಾತು ತೆಗೆದಳು.

"ದೊಡ್ಡಮ್ಮ, ನಾಳೆ ಬೊಂಬೆ ಸುಡ್ಲಿ. ಆದ್ರೆ ಬರೀ ಹುಲ್ಲಿಗೆ ಕಣ್ಣೀರ್ ಹಾಕಿ ಮರ್ಕುಕೆ ನಂಗ್ ಆತ್ತಿಲ್ಲೆ. ಅವ್ರ ನೀಲಿ ಅಂಗಿ ಹಾಕ್ತೆ. ಬೈಯುಕಾದ್ರೂ ಒಂದ್ ಜನ ಬೇಕಲ್ದಾ?"

ಹಾಗೇ ಮಾಡಿದಳು. ದರ್ಭೆಯ ಬೊಂಬೆಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ಕೇರಿಗೆಲ್ಲ ಕೇಳುವ ಹಾಗೆ ಬೈದಳು. ಗಾಳಿ ಇದೆ, ಹೋಗಬೇಡಿ ಅಂದಿರಲಿಲ್ಲವಾ ಅಂತ. ಪುರೋಹಿತರು ಮಂತ್ರ ನಿಲ್ಲಿಸಿ ಕಾದರು. ಗಟ್ಟಿಯಾಗಿ ಅತ್ತಳು. ಸ್ವಲ್ಪ ದಿನದಲ್ಲಿ ಬುಟ್ಟಿ ಹೊತ್ತಳು.

ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಮಾರಲಿಕ್ಕೆ ಹೋಗುವಾಗ ಅಷ್ಟು ವರ್ಷವೂ ಸಮುದ್ರದ ಬದಿಯ ಸೀಟು ನನ್ನದೇ. ಅವಳು ನಗುತ್ತಿದ್ದಳು. ಹೋದ ಮಳೆಗಾಲ ಅವಳು ಹೋದಳು, ಜ್ವರ ಬಂದು, ಮನೆಯೊಳಗೆ, ಚಾಪೆಯ ಮೇಲೆ. ನಾನು ಕಾವಲು ಕೂತದ್ದು ನೀರಿಗೆ...

ನೆಲಗಡಲೆಯ ವಾಸನೆ ಬಂದ ಮರುದಿನ ಬೆಳಿಗ್ಗೆ ಒಣಮೀನಿನ ಬುಟ್ಟಿ ಹಿಡಿದು ಕುಂದಾಪುರದ ಬಸ್ಸು ಹತ್ತಿದೆ. ಸಮುದ್ರದ ಬದಿಗೇ ಹೋಗಿ ಕೂತೆ. ಮರವಂತೆ ಬಂದಾಗ ಸೆರಗು ಹಿಡಿಯಲಿಕ್ಕೆ ಕೈ ಪಕ್ಕಕ್ಕೆ ಹೋಯ್ತು. ಬುಟ್ಟಿ ಸಿಕ್ಕಿತು. ಅದನ್ನೇ ಗಟ್ಟಿ ಹಿಡಿದುಕೊಂಡೆ.